ಕಹಳೆಗೆ 'ಒಂದು ವಾದ್ಯ' ಎಂಬ ಸುಳುಹು ಸಾಕೇ?

ಪದಬಂಧ ತುಂಬುವವರಿಗೆ ಈ ಸುಳುಹು ಚೆನ್ನಾಗಿ ಗೊತ್ತು: 'ಊದುವ ವಾದ್ಯ, ಮೂರಕ್ಷರ.' ಕಹಳೆ ಎಂದು ಬರೆಯಬಹುದು, ತುತ್ತೂರಿ ಎಂದೂ ಬರೆಯಬಹುದು. ಕೊಳಲು ಎಂದರೂ ಮನೆ ತುಂಬುತ್ತದೆ. ಕೊನೆಗೆ ಪಕ್ಕದ ಪದ ನೋಡಿ ಯಾವುದೋ ಒಂದನ್ನು ಕೂರಿಸುತ್ತೇವೆ. ಪದ ಸಿಕ್ಕಿತು, ಅರ್ಥ ಸಿಗಲಿಲ್ಲ. ಇದು ಸಣ್ಣ ವಿಷಯ ಅಲ್ಲ ಎಂಬುದು ನಮ್ಮ ಅನಿಸಿಕೆ.

ಕೊಳಲಿಗೂ ಕಹಳೆಗೂ ಹುಟ್ಟುಗುಣವೇ ಬೇರೆ. ಕೊಳಲಿನಲ್ಲಿ ರಂಧ್ರದ ಅಂಚಿಗೆ ಗಾಳಿ ಬಡಿದು ನಾದ ಬರುತ್ತದೆ. ಕಹಳೆ, ಕೊಂಬುಗಳಲ್ಲಿ ಊದುವವರ ತುಟಿಯೇ ಅದುರಬೇಕು. ಬೆರಳಿಗೆ ಅಲ್ಲಿ ಕೆಲಸವಿಲ್ಲ. ತುಟಿಯ ಬಿಗಿ, ಉಸಿರಿನ ಬಲ ಎರಡರಿಂದಲೇ ಸ್ವರ ಏರಬೇಕು, ಇಳಿಯಬೇಕು. ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ಟೂ ಇದೇ ಜಾತಿ, ಅದಕ್ಕೆ ಮೂರು ಗುಂಡಿಗಳ ಸಹಾಯ ಇದೆ ಅಷ್ಟೇ.

'ಹಿತ್ತಾಳೆ ವಾದ್ಯ' ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೊಫೋನ್ ಮೈಯೆಲ್ಲ ಹಿತ್ತಾಳೆ. ಆದರೆ ಅದರಲ್ಲಿ ನುಡಿಯುವುದು ಬಾಯಿಗೆ ಸಿಕ್ಕಿಸಿದ ತೆಳು ಪಟ್ಟಿ. ಹಾಗಾಗಿ ಸಂಗೀತ ಬಲ್ಲವರು ಅದನ್ನು ಹಿತ್ತಾಳೆ ವಾದ್ಯಗಳ ಸಾಲಿಗೆ ಸೇರಿಸುವುದಿಲ್ಲ. ಅತ್ತ ಶಂಖದಲ್ಲಿ ಗುಂಜಿಯಷ್ಟೂ ಲೋಹ ಇಲ್ಲ, ಆದರೂ ತುಟಿಯ ಲೆಕ್ಕದಲ್ಲಿ ಅದು ಕಹಳೆಯ ನೆಂಟ. 'ಲೋಹವಿಲ್ಲದ ಕಹಳೆಯ ನೆಂಟ, ಎರಡಕ್ಷರ' ಎಂದು ಕೇಳಿದರೆ ಎಷ್ಟು ಚೆಂದ!

ಕೊಂಬು ಪದವನ್ನೇ ನೋಡಿ. ಎತ್ತಿಗೆ ಕೊಂಬು ಇದೆ. ಸೊಕ್ಕಿನವನಿಗೆ 'ನಿನಗೇನು ಕೊಂಬು ಬಂದಿದೆಯಾ' ಅಂತೀವಿ. ಶಾಲೆಯಲ್ಲಿ 'ಕ'ಕ್ಕೆ ಕೊಂಬು ಕೊಟ್ಟು 'ಕು' ಕಲಿತಿದ್ದೇವೆ. ಜಾತ್ರೆಯ ಮೆರವಣಿಗೆಯಲ್ಲಿ ಬಾಗಿದ ಕೊಂಬು ಮುಂದೆ ನಡೆಯುತ್ತದೆ. ಒಂದೇ ಪದದಲ್ಲಿ ಕೊಟ್ಟಿಗೆ, ಬೈಗುಳ, ಕಾಗುಣಿತ, ಜಾತ್ರೆ ಎಲ್ಲವೂ ಇವೆ. ಇದಕ್ಕೆ 'ಒಂದು ವಾದ್ಯ' ಎಂದಷ್ಟೇ ಸುಳುಹು ಕೊಟ್ಟರೆ ಹೇಗೆ?

ಇನ್ನೊಂದು ಸಂಗತಿ. ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ದಿನಕ್ಕೊಂದು 'ರಣಕಹಳೆ' ಮೊಳಗುತ್ತದೆ. ನಾಯಕರನ್ನು ಹೊಗಳುವವರು 'ತುತ್ತೂರಿ' ಊದುತ್ತಾರೆ. ಪದ ಮಾತಿನಲ್ಲಿ ಗಟ್ಟಿಯಾಗಿದೆ. ಆದರೆ ಅದನ್ನು ನಿಜವಾಗಿ ಊದುವವರನ್ನು ನಾವು ಹಬ್ಬಕ್ಕೆ ಕರೆದು, ಆಮೇಲೆ ಮರೆಯುತ್ತೇವೆ. ಸುದ್ದಿ ಬರೆಯುವ ನಮ್ಮ ಕಸುಬಿನವರಿಗೂ ಈ ಮಾತು ಅನ್ವಯಿಸುತ್ತದೆ. ಮೆರವಣಿಗೆಯ ಫೋಟೊ ಹಾಕುತ್ತೇವೆ, ಊದಿದವರ ಹೆಸರು ಹಾಕುವುದಿಲ್ಲ.

ಆದ್ದರಿಂದ ಪದಬಂಧ ಮಾಡುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ನಿಘಂಟು ನೋಡಿ ಸುಳುಹು ಬರೆಯುವ ಮೊದಲು ಊದುವವರನ್ನು ಒಂದು ಮಾತು ಕೇಳಿ.

ಓದುಗರಾದ ನಿಮಗೂ ಒಂದು ಕೆಲಸ ಇದೆ. ನಿಮ್ಮೂರಲ್ಲಿ ಕೊಂಬು, ಕಹಳೆ ಊದುವವರಿದ್ದರೆ ಹೋಗಿ ಮಾತಾಡಿಸಿ. ಬಾಯಿಗಿಡುವ ಭಾಗಕ್ಕೆ ಏನೆನ್ನುತ್ತಾರೆ? ದೇವರು ಹೊರಡುವಾಗ ಊದುವುದಕ್ಕೆ ಬೇರೆ ಹೆಸರಿದೆಯೇ? ಯಾವಾಗ ಊದಬಾರದು? ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹೆಸರನ್ನೂ ಬರೆದಿಡಿ. ನಿಘಂಟಿನಲ್ಲಿ ಇಲ್ಲದ ಪದ ಅಲ್ಲಿ ಸಿಗಬಹುದು. ಊದುವವರು ಇರುವಾಗಲೇ ಕೇಳಿಕೊಳ್ಳಬೇಕು.