ಎರಡೂ ಎಲೆ ಬಿಚ್ಚಿಟ್ಟ ಆಟ

ಬ್ಲ್ಯಾಕ್‌ಜಾಕ್‌ನಲ್ಲಿ ಎಲೆಗಳ ಮೊತ್ತ 21ರ ಹತ್ತಿರ ಬರಬೇಕು, ದಾಟಿದರೆ ಸೋಲು. ರಾಜ, ರಾಣಿ, ಗುಲಾಮರಿಗೆ 10. ಎಕ್ಕಕ್ಕೆ 1 ಅಥವಾ 11. ಡೀಲರನ ಒಂದು ಎಲೆ ಕವುಚಿಟ್ಟಿರುತ್ತದೆ. ಲಾಸ್ ವೇಗಾಸ್‌ನಲ್ಲಿ 1979ರಲ್ಲಿ ಬಂದ ‘ಡಬಲ್ ಎಕ್ಸ್‌ಪೋಶರ್’ನಲ್ಲಿ ಎರಡನ್ನೂ ಬಿಚ್ಚಿಡುತ್ತಾರೆ. ಎಂಥ ಉದಾರ ಮನಸ್ಸು! ಅವನ ಕೈಲಿ 16 ಕಂಡರೆ ನೀವು 12ರಲ್ಲೇ ನಿಲ್ಲಿ. 17 ಆಗುವವರೆಗೆ ಅವನು ಎಲೆ ಎಳೆಯಲೇಬೇಕು.

ಆದರೆ ಮೊತ್ತ ಸಮವಾದರೆ ಸಾಮಾನ್ಯವಾಗಿ ನಿಮ್ಮ ಪಣ ಅವನ ಪಾಲು. ಮೊದಲ ಎರಡೇ ಎಲೆಯಲ್ಲಿ 21 ಬಂದರೂ ನೂರಕ್ಕೆ ನೂರೈವತ್ತು ಸಿಗದು, ಬರೀ ನೂರು. ಅವನಿಗೂ ನಿಮಗೂ 20 ಬಂತೆನ್ನಿ. ನಿಂತರೆ ಸೋಲು ಖಚಿತ. ಇನ್ನೊಂದು ಎಲೆ ಕೇಳಲೇಬೇಕು, ಎಕ್ಕ ಬಂದರಷ್ಟೇ ಉಳಿದಿರಿ. ಮಾಮೂಲಿ ಆಟದಲ್ಲಿ ಹೀಗೆ ಮಾಡಿದರೆ ಪಕ್ಕದವರು ನಕ್ಕಾರು.

ಮನೆಯಲ್ಲಿ ಹುಣಸೆಬೀಜ ಪಣವಿಟ್ಟು ಒಂದು ಸಂಜೆ ಆಡಿ. ಬೀಜದ ರಾಶಿ ಯಾರ ಮುಂದೆ ಬೆಳೆಯುತ್ತದೋ ನೋಡಿ.