ಎದೆಹಾಲಿನ ಕೊಬ್ಬು, ಅಂಗಡಿಯ ಕೊಬ್ಬು

ಮಗು ರಾತ್ರಿ ಎರಡು ಬಾರಿ ಎದ್ದು ಅತ್ತಿತೆಂದರೆ ಸಾಕು, ಬಾಣಂತಿಯ ಹಾಲು ನೀರಾಗಿದೆಯೆಂದು ತೀರ್ಮಾನಿಸುವುದೂ, ಅವಳ ಅನ್ನಕ್ಕೆ ಇನ್ನೆರಡು ಚಮಚ ತುಪ್ಪ ಸುರಿಯುವುದೂ, ಅಷ್ಟಕ್ಕೂ ಸಮಾಧಾನವಾಗದಿದ್ದರೆ ಡಬ್ಬದ ಹಾಲಿನ ಪುಡಿಗೆ ಮೊರೆಹೋಗುವುದೂ ನಮ್ಮ ಮನೆಗಳಲ್ಲಿ ಇಂದಿಗೂ ನಿಂತಿಲ್ಲ. ಈ ತೀರ್ಪು ಅನ್ಯಾಯವಾದುದು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 3.5ರಿಂದ 4ರಷ್ಟಿರುವ ಕೊಬ್ಬಿನ ಮೊತ್ತವು ತಾಯಿ ಉಂಡ ಜಿಡ್ಡನ್ನು ಅನುಸರಿಸಿ ಅಷ್ಟಾಗಿ ಏರಿಳಿಯುವುದಿಲ್ಲ; ಒಂದೇ ಸಲದ ಹಾಲೂಡಿಕೆಯಲ್ಲಿಯೇ ಮೊದಲು ಬರುವ ಹಾಲು ತೆಳುವಾಗಿಯೂ, ಎದೆ ಬರಿದಾಗುತ್ತ ಬಂದಂತೆ ಬರುವುದು ಗಟ್ಟಿಯಾಗಿಯೂ ಇರುವುದು ಪ್ರಕೃತಿಯ ಕ್ರಮ. ಮೊದಲ ನಾಲ್ಕು ಹನಿಗಳನ್ನು ಬೆರಳಿನ ಮೇಲಿಟ್ಟು ಪರೀಕ್ಷಿಸುವವರು ಇದನ್ನು ಅರಿಯಬೇಡವೇ?

ಆದರೆ ಮೊತ್ತವನ್ನು ಕಾಯ್ದುಕೊಳ್ಳುವ ಶರೀರವು ಗುಣವನ್ನು ಕಾಯ್ದುಕೊಳ್ಳಲಾರದು. ತಾಯಿ ಉಂಡ ಎಣ್ಣೆಯ ಕೊಬ್ಬಿನಾಮ್ಲಗಳು ಕೆಲವೇ ಗಂಟೆಗಳಲ್ಲಿ ಹಾಲಿಗಿಳಿಯುತ್ತವೆ. ಶಿಶುವಿನ ಮಿದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಆಮ್ಲವು ಮೀನುಣ್ಣುವ ತಾಯಂದಿರ ಹಾಲಿನಲ್ಲಿ ಅಧಿಕ. ಅಗಸೆಯನ್ನು ತಿಂದರೆ ಅದರ ಮೂಲದ್ರವ್ಯ ಹೆಚ್ಚುವುದೇ ಹೊರತು ಡಿಎಚ್‌ಎ ಹೆಚ್ಚುವುದು ಕಾಣೆ. ಒಳಿತು ಇಳಿಯುವ ದಾರಿಯಲ್ಲಿಯೇ ಕೆಡುಕೂ ಇಳಿಯುತ್ತದೆ: ದ್ರವವಾದ ಎಣ್ಣೆಗೆ ಜಲಜನಕವನ್ನು ಹಾಯಿಸಿ ಹೆಪ್ಪುಗಟ್ಟಿಸಿದ ವನಸ್ಪತಿಯಲ್ಲಿ ಹುಟ್ಟುವ, ದೊಡ್ಡವರ ಹೃದಯಕ್ಕೆ ಹಾನಿಕರವೆಂದು ಸಿದ್ಧವಾಗಿರುವ ಟ್ರಾನ್ಸ್ ಕೊಬ್ಬನ್ನು ಮಾನವಶರೀರವು ತಾನಾಗಿ ತಯಾರಿಸಲಾರದು, ಅದು ಹಾಲಿನಲ್ಲಿ ಕಂಡರೆ ತಟ್ಟೆಯಿಂದಲೇ ಬಂದದ್ದು.

ಕೆನಡಾದ ತಾಯಂದಿರ ಹಾಲಿನ ಕೊಬ್ಬಿನಲ್ಲಿ 1992ರಲ್ಲಿ ಸರಾಸರಿ ನೂರಕ್ಕೆ 7ರಷ್ಟಿದ್ದ ಈ ಪದಾರ್ಥವು 2011ರ ವೇಳೆಗೆ 2ಕ್ಕಿಂತ ಕೆಳಗಿಳಿಯಿತು. ಈ ನಡುವೆ ಅಲ್ಲಿನ ಬಾಣಂತಿಯರು ಯಾವ ಕಠಿಣವ್ರತವನ್ನೂ ಹಿಡಿಯಲಿಲ್ಲ. ಪೊಟ್ಟಣದ ಮೇಲೆ ಟ್ರಾನ್ಸ್ ಕೊಬ್ಬಿನ ಪ್ರಮಾಣವನ್ನು ನಮೂದಿಸಲೇಬೇಕೆಂದು 2003ರಲ್ಲಿ ಸರ್ಕಾರ ವಿಧಿಸಿತು, ತಯಾರಕರು ತಮ್ಮ ಕೊಬ್ಬನ್ನು ಬದಲಿಸಿದರು.

ನಮ್ಮಲ್ಲಿಯೂ ಆಹಾರದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ನೂರಕ್ಕೆ 2ರ ಮಿತಿಯುಂಟು. ಆದರೆ ಬಾಣಂತಿಯನ್ನು ನೋಡಬರುವ ನೆಂಟರು ಪ್ರೀತಿಯಿಂದ ತರುವ ಬನ್ನು, ರಸ್ಕು, ಬಿಸ್ಕತ್ತುಗಳು ಬಹುಪಾಲು ಹೆಸರೂ ವಿವರವೂ ಇಲ್ಲದ ಬಿಡಿ ಪದಾರ್ಥಗಳು. ಆದಕಾರಣ ತಾಯಿಯ ಪಥ್ಯವನ್ನು ಕುರಿತು ಉಪದೇಶಿಸುವ ಆರೋಗ್ಯಾಧಿಕಾರಿಗಳು ಮೊದಲು ತಾಲ್ಲೂಕು ಪೇಟೆಗಳ ಬೇಕರಿಗಳಿಗೂ ಮಿಠಾಯಿ ಅಂಗಡಿಗಳಿಗೂ ಹೋಗಿ ಮಾದರಿಗಳನ್ನು ಸಂಗ್ರಹಿಸಲಿ, ಪರೀಕ್ಷಿಸಲಿ, ಫಲಿತಾಂಶವನ್ನು ಊರವರು ಓದುವಂತೆ ಅಂಗಡಿಯ ಬಾಗಿಲಿಗೇ ಅಂಟಿಸಲಿ.