ಧ್ರುವಯಾತ್ರೆಯೂ ಧ್ರುವರಕ್ಷೆಯೂ

ಭೂಗೋಳದ ದಕ್ಷಿಣಾಗ್ರದಲ್ಲಿರುವ ಅಂಟಾರ್ಕ್ಟಿಕಾ ಖಂಡವು ಯಾವ ಪ್ರಜೆಯ ತವರೂ ಅಲ್ಲ. ಏಳು ರಾಷ್ಟ್ರಗಳು ಅದರ ಭಾಗಗಳ ಮೇಲೆ ಹಕ್ಕು ಹೂಡಿದ್ದರೂ, 1959ರ ಒಡಂಬಡಿಕೆಯು ಆ ವ್ಯಾಜ್ಯವನ್ನು ತಡೆಹಿಡಿದು ಇಡೀ ಖಂಡವನ್ನು ಶಾಂತಿಗೂ ಶಾಸ್ತ್ರಸಂಶೋಧನೆಗೂ ಮೀಸಲಿರಿಸಿತು. ಹೀಗೆ ಮೀಸಲಾದ ಭೂಮಿಯು ಇಂದು ಹಣವುಳ್ಳವರ ವಿಹಾರಸ್ಥಾನವಾಗುತ್ತಿರುವುದು. 1966ರಲ್ಲಿ ಲಿಂಡ್‌ಬ್ಲಾಡ್ ಎಂಬ ಉದ್ಯಮಿಯು ಪ್ರವಾಸಿಗಳ ಸಣ್ಣದೊಂದು ತಂಡವನ್ನು ಅಲ್ಲಿಗೆ ಕರೆದೊಯ್ದನು. 1992-93ರ ಬೇಸಗೆಯಲ್ಲಿ ಹೋದವರು ಏಳು ಸಾವಿರವನ್ನು ಮುಟ್ಟಿರಲಿಲ್ಲ; 2023-24ರಲ್ಲಿ ಅವರ ಸಂಖ್ಯೆಯು 1 ಲಕ್ಷ 22 ಸಾವಿರವನ್ನು ದಾಟಿತು. ಈ ವೃದ್ಧಿಯನ್ನು ಕಂಡು ಹಡಗಿನ ಕಂಪನಿಗಳು ಹಿಗ್ಗಬಹುದು. ವಿಚಾರವಂತರು ಒಂದು ಕ್ಷಣ ನಿಂತು ಯೋಚಿಸಬೇಕು.

ಯಾತ್ರೆಯ ಆಕರ್ಷಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅರ್ಜೆಂಟೀನಾದ ಉಶುಆಯಾ ಬಂದರನ್ನು ಬಿಟ್ಟ ಹಡಗು, ಡ್ರೇಕ್ ಜಲಸಂಧಿಯ ಉಗ್ರವಾದ ಅಲೆಗಳನ್ನು ಎರಡು ದಿನ ದಾಟಿ, ತೇಲುವ ಹಿಮಪರ್ವತಗಳ ನಡುವೆ ಪ್ರವೇಶಿಸುವುದು. ಅಲ್ಲಿಂದ ರಬ್ಬರಿನ ದೋಣಿಗಳಲ್ಲಿ ದಡಕ್ಕೆ ಹೋದವರು ಸಹಸ್ರಾರು ಪೆಂಗ್ವಿನ್ ಪಕ್ಷಿಗಳನ್ನು ಕಣ್ತುಂಬ ಕಾಣುವರು. ಇನ್ನೂ ಸಾಹಸಪ್ರಿಯರಾದವರು ನೀರೊಳಕ್ಕೇ ಮುಳುಗುವರು. ಆ ಸಮುದ್ರದ ಉಷ್ಣತೆಯು ಶೂನ್ಯಕ್ಕಿಂತಲೂ ಸುಮಾರು ಎರಡು ಡಿಗ್ರಿ ಕೆಳಗಿಳಿಯುವುದುಂಟು. ಉಪ್ಪಿನ ದೆಸೆಯಿಂದ ಮಾತ್ರ ಅದು ಹೆಪ್ಪುಗಟ್ಟದಿರುವುದು. ನೀರು ಒಳಹೊಗದ ಉಡುಪನ್ನು ತೊಟ್ಟು, ಉಸಿರಿನ ಯಂತ್ರವೇ ಹಿಮಗಟ್ಟಿ ಕೆಡಬಹುದೆಂದು ಎರಡನೆಯದೊಂದನ್ನೂ ಕಟ್ಟಿಕೊಂಡು ಇಳಿಯತಕ್ಕ ಈ ವಿದ್ಯೆಯು ಸಾಮಾನ್ಯವಾದುದಲ್ಲ. 2003ರಲ್ಲಿ ರೊಥೆರಾ ಎಂಬ ಬ್ರಿಟಿಷ್ ಸಂಶೋಧನಾಕೇಂದ್ರದ ಬಳಿ ಈಜುತ್ತಿದ್ದ ವಿಜ್ಞಾನಿಯೊಬ್ಬರನ್ನು ಚಿರತೆಸೀಲು ಎಳೆದೊಯ್ದು ಕೊಂದಿತು. ನುರಿತವರ ಗತಿಯೇ ಹೀಗಾಗಬಹುದಾದ ನೀರಿಗೆ ವಿನೋದಾರ್ಥಿಗಳನ್ನು ಇಳಿಸುವವರ ಹೊಣೆಯು ಎಷ್ಟು ದೊಡ್ಡದೆಂಬುದನ್ನು ಹೇಳಬೇಕಾದುದಿಲ್ಲ.

ಆದರೆ ತನ್ನ ಪ್ರಾಣವನ್ನು ಪಣಕ್ಕಿಡುವುದು ಅವರವರ ಇಚ್ಛೆ ಎಂದು ಬಿಟ್ಟುಬಿಡಬಹುದು. ನಮ್ಮ ಪ್ರಶ್ನೆಯು ಬೇರೆಯಾದುದು. ಅನಾಹುತವಾದಾಗ ಅದರ ಭಾರವನ್ನು ಹೊರುವವರಾರು? 1989ರಲ್ಲಿ ಅರ್ಜೆಂಟೀನಾದ ಬಾಹಿಯಾ ಪರೈಸೊ ಎಂಬ ಹಡಗು, ಸರಕಿನೊಡನೆ ಪ್ರವಾಸಿಗಳನ್ನೂ ಹೊತ್ತು ಹೋಗಿ, ಪಾಮರ್ ಕೇಂದ್ರದ ಸಮೀಪದಲ್ಲಿ ಬಂಡೆಗೆ ತಗುಲಿ, ಲಕ್ಷಾಂತರ ಲೀಟರು ಎಣ್ಣೆಯನ್ನು ಸಮುದ್ರಕ್ಕೆ ಚೆಲ್ಲಿತು. 2007ರ ನವೆಂಬರಿನಲ್ಲಿ ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಹಿಮಕ್ಕೆ ಬಡಿದು ಮುಳುಗಿಹೋಯಿತು. ಅದರಲ್ಲಿದ್ದ 154 ಮಂದಿ ದೋಣಿಗಳಲ್ಲಿ ಕುಳಿತು ಗಂಟೆಗಟ್ಟಲೆ ಕಾದ ಮೇಲೆ, ನಾರ್ವೆಯ ಹಡಗೊಂದು ಬಂದು ಅವರೆಲ್ಲರನ್ನೂ ಉಳಿಸಿತು. ಸಮುದ್ರವು ಆ ದಿನ ಶಾಂತವಾಗಿದ್ದುದು ಅವರ ಪುಣ್ಯ. ಉತ್ತರಧ್ರುವದ ಕಡೆಯೂ ಇದೇ ಕಥೆ: 2023ರ ಸೆಪ್ಟೆಂಬರಿನಲ್ಲಿ 206 ಮಂದಿಯಿದ್ದ ಹಡಗೊಂದು ಗ್ರೀನ್‌ಲ್ಯಾಂಡಿನ ದುರ್ಗಮವಾದ ಕೊಲ್ಲಿಯಲ್ಲಿ ನೆಲಕ್ಕೆ ಕಚ್ಚಿಕೊಂಡು, ಮೂರು ದಿನಗಳ ಬಳಿಕ ಮೀನುಗಾರಿಕೆಯ ಸಂಶೋಧನಾನೌಕೆಯಿಂದ ಎಳೆಯಲ್ಪಟ್ಟಿತು. ಆಪತ್ತಿನಲ್ಲಿ ನೆರವಾಗಲು ಬರುವವರು ಬಹುಮಟ್ಟಿಗೆ ತಮ್ಮ ಕಾರ್ಯವನ್ನು ಬಿಟ್ಟು ಬರುವ ಸಂಶೋಧಕರು, ನೌಕಾಸೈನಿಕರು; ವೆಚ್ಚವು ಸಾರ್ವಜನಿಕರ ಬೊಕ್ಕಸದ್ದು.

ಕಣ್ಣಿಗೆ ಕಾಣದ ಹಾನಿಯು ಇದಕ್ಕಿಂತಲೂ ಹೆಚ್ಚಿನದು. ಹಡಗಿನ ಹೊಗೆಯ ಮಸಿಯು ಹಿಮದ ಮೇಲೆ ಕುಳಿತು ಅದನ್ನು ಬೇಗನೆ ಕರಗಿಸುವುದು. ಒಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮವು ಹೀಗೆ ಕರಗುವುದೆಂದು ವಿಜ್ಞಾನಿಗಳು 2022ರಲ್ಲಿ ಅಂದಾಜು ಮಾಡಿದರು. ಪಾದರಕ್ಷೆಗೆ ಅಂಟಿದ ಬೀಜವೊಂದು ಅಲ್ಲಿ ಇಲ್ಲದ ಹುಲ್ಲನ್ನು ಬಿತ್ತಬಲ್ಲುದು. ಹಕ್ಕಿಜ್ವರದ ರೋಗಾಣುವು 2024ರ ಫೆಬ್ರವರಿಯಲ್ಲಿ ಆ ಖಂಡದ ನೆಲದಲ್ಲಿಯೂ ಪತ್ತೆಯಾಯಿತು. ಅದನ್ನು ತಂದವರು ಪ್ರವಾಸಿಗಳಲ್ಲ, ವಲಸೆಯ ಹಕ್ಕಿಗಳೆಂಬುದು ನಿಜ. ಆದರೆ ರೋಗವು ಹೊಕ್ಕ ಮನೆಯಲ್ಲಿ ಅತಿಥಿಗಳ ಓಡಾಟಕ್ಕೆ ಮಿತಿಯಿರಬೇಕೆಂಬುದು ನಮ್ಮ ಅಜ್ಜಿಯರೂ ಬಲ್ಲ ಮಾತು.

ಕಂಪನಿಗಳ ಪಕ್ಷವನ್ನೂ ಹೇಳುವುದು ನ್ಯಾಯ. 1991ರಲ್ಲಿ ಅವು ಸಂಘವೊಂದನ್ನು ಕಟ್ಟಿಕೊಂಡು, ಒಂದು ಸ್ಥಳದಲ್ಲಿ ಒಮ್ಮೆಗೆ ನೂರು ಮಂದಿಗಿಂತ ಹೆಚ್ಚು ಇಳಿಯಕೂಡದು, ಐನೂರಕ್ಕಿಂತ ಹೆಚ್ಚು ಯಾತ್ರಿಕರಿರುವ ಹಡಗಿನಿಂದ ಯಾರೂ ಇಳಿಯಲೇಕೂಡದು ಎಂಬಂತಹ ಕಟ್ಟಳೆಗಳನ್ನು ಪಾಲಿಸುತ್ತಿರುವುವು. ಹೋಗಿ ಬಂದವರು ಧ್ರುವದ ರಾಯಭಾರಿಗಳಾಗುವರೆಂದೂ ಅವು ವಾದಿಸುತ್ತವೆ. ಈ ಶಿಸ್ತು ಮೆಚ್ಚತಕ್ಕದ್ದೇ. ಆದರೆ ಲಾಭವನ್ನು ಪಡೆಯುವವನೇ ಲೆಕ್ಕವನ್ನೂ ನೋಡುವ ಪದ್ಧತಿಯು ಯಾವ ಊರಿನ ಪಂಚಾಯಿತಿಯಲ್ಲಿ ನಡೆದೀತು? ಒಂದು ಸ್ಥಳದಲ್ಲಿ ಎಷ್ಟು ಮಂದಿ ಇಳಿಯಬೇಕೆಂಬುದಕ್ಕೆ ಮಿತಿಯುಂಟು. ಒಟ್ಟು ಎಷ್ಟು ಮಂದಿ ಬರಬೇಕೆಂಬುದಕ್ಕೆ ಮಿತಿಯಿಲ್ಲ. ಯಾತ್ರೆ ನಡೆಸುವವರು ವಿಮೆಯನ್ನೂ ರಕ್ಷಣೆಯ ಏರ್ಪಾಡನ್ನೂ ಮಾಡಿಕೊಂಡಿರಲೇಬೇಕೆಂದು ಒಡಂಬಡಿಕೆಯ ರಾಷ್ಟ್ರಗಳು 2004ರಲ್ಲಿ ನಿರ್ಣಯಿಸಿದುವು. ಸರ್ವರ ಅನುಮೋದನೆಯೂ ಬಾರದೆ, ಇಪ್ಪತ್ತು ವರ್ಷ ಕಳೆದರೂ ಆ ನಿರ್ಣಯವು ಜಾರಿಗೆ ಬರಲಿಲ್ಲ.

ಆ ಸಮುದ್ರದ ಪೂರ್ವಚರಿತ್ರೆಯೇ ನಮಗೆ ಪಾಠವನ್ನು ಹೇಳುವುದು. 1819ರಲ್ಲಿ ದಕ್ಷಿಣ ಶೆಟ್ಲೆಂಡ್ ದ್ವೀಪಗಳು ಕಣ್ಣಿಗೆ ಬಿದ್ದ ಕೆಲವೇ ವರ್ಷಗಳಲ್ಲಿ ಬೇಟೆಗಾರರು ಅಲ್ಲಿನ ತುಪ್ಪುಳು ಸೀಲುಗಳನ್ನು ಹೆಚ್ಚುಕಡಮೆ ನಿರ್ನಾಮಮಾಡಿದರು. ತರುವಾಯ ತಿಮಿಂಗಿಲಗಳ ಸರದಿ ಬಂದಿತು. ಡಿಸೆಪ್ಷನ್ ದ್ವೀಪದಲ್ಲಿ ತುಕ್ಕು ಹಿಡಿದು ನಿಂತಿರುವ ಎಣ್ಣೆಯ ಕೊಪ್ಪರಿಗೆಗಳನ್ನು ಇಂದಿನ ಪ್ರವಾಸಿಗಳು ಕುತೂಹಲದಿಂದ ನೋಡುವರು. ಆ ಬೇಟೆಗಾರರಿಗೂ ಸಮುದ್ರವು ಅಕ್ಷಯಪಾತ್ರೆಯಾಗಿಯೇ ಕಂಡಿತ್ತು.

ಮಿತಿಯನ್ನು ಹಾಕುವುದು ಅಸಾಧ್ಯವೆಂಬ ಮಾತು ಸಲ್ಲದು. ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ನಾರ್ವೆ ಸರಕಾರವು 2025ರ ಜನವರಿಯಿಂದ ರಕ್ಷಿತ ಪ್ರದೇಶಗಳಿಗೆ ಬರುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಯಾತ್ರಿಕರಿರಕೂಡದೆಂದೂ, ಗೊತ್ತುಮಾಡಿದ 43 ತಾಣಗಳಲ್ಲಿ ಮಾತ್ರ ಇಳಿಯತಕ್ಕದ್ದೆಂದೂ ವಿಧಿಸಿತು. ಅಲ್ಲಿ ಒಡೆಯನಿರುವುದರಿಂದ ಕಾಯಿದೆಯು ಬಂದಿತು. ಅಂಟಾರ್ಕ್ಟಿಕಾಕ್ಕೆ ಒಡೆಯನಿಲ್ಲ, ಆದುದರಿಂದಲೇ ಎಲ್ಲರೂ ಒಡೆಯರಂತೆ ಹೊಣೆ ಹೊರಬೇಕು.

ಈ ಕಾರ್ಯದಲ್ಲಿ ಭಾರತದ ಸ್ಥಾನವು ಅಲ್ಪವಾದುದಲ್ಲ. ಅಂಟಾರ್ಕ್ಟಿಕಾದ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದಿಡಲು 1956ರಲ್ಲಿಯೇ ಯತ್ನಿಸಿದ ದೇಶವು ನಮ್ಮದು. 1983ರಲ್ಲಿ ನಾವು ಒಡಂಬಡಿಕೆಯನ್ನು ಸೇರಿ ಮತಾಧಿಕಾರವನ್ನು ಪಡೆದೆವು; ಮೈತ್ರಿ, ಭಾರತಿ ಎಂಬ ಕೇಂದ್ರಗಳನ್ನು ಅಲ್ಲಿ ನಡೆಸುತ್ತಿರುವೆವು; ಅಪ್ಪಣೆಯಿಲ್ಲದೆ ಅಲ್ಲಿಗೆ ಯಾತ್ರೆ ಹೊರಡಕೂಡದೆಂದು 2022ರಲ್ಲಿ ಶಾಸನವನ್ನು ಮಾಡಿದೆವು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಸೇರಿದ ಒಡಂಬಡಿಕೆಯ ಸಭೆಯಲ್ಲಿ ಪ್ರವಾಸಕ್ಕೆ ಸಮಗ್ರವಾದ ಕಟ್ಟಳೆಯನ್ನು ರೂಪಿಸುವ ಕೆಲಸವೂ ಆರಂಭವಾಯಿತು. ಆರಂಭಿಸಿದ ಕೆಲಸವನ್ನು ಮುಗಿಸುವಂತೆ ಒತ್ತಾಯಪಡಿಸುವುದು ಈಗ ನಮ್ಮ ಪ್ರತಿನಿಧಿಗಳ ಕರ್ತವ್ಯ. ವರ್ಷಕ್ಕಿಷ್ಟೆಂದು ಯಾತ್ರಿಕರ ಮಿತಿ, ಕಡ್ಡಾಯವಾದ ವಿಮೆ, ಕಂಪನಿಗಳಿಗೆ ಅಧೀನರಲ್ಲದ ಪರೀಕ್ಷಕರು, ಮುಳುಗುಗಾರರಿಗೆ ಅನುಭವದ ರುಜುವಾತು, ಇವುಗಳನ್ನು ಅವರು ಹಟಹಿಡಿದು ಕೇಳಲಿ.

ನೋಡುವ ಆಸೆಯು ಮನುಷ್ಯಸಹಜವಾದುದು. ಅದನ್ನು ನಾವು ನಿಂದಿಸುವುದಿಲ್ಲ. ಆದರೆ ಗರ್ಭಗುಡಿಯ ದರ್ಶನಕ್ಕೂ ಒಂದು ಸಾಲು, ಒಂದು ನಿಯಮವಿರುವುದು. ಲೋಕಕ್ಕೆಲ್ಲ ಸೇರಿದ ಹಿಮದ ಗರ್ಭಗುಡಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಡವೆ?